ಲಕ್ಕಲಕಟ್ಟಿಯ ಕರಡಿ ತಪ್ಪಿರಲಿಲ್ಲ

ಆ ಶ್ರಾವಣದ ಕಡೆಯ ಸೋಮವಾರ ನಮ್ಮ ಓಣಿಯಲ್ಲಿ ಗೆದ್ದದ್ದು ಲಕ್ಕಲಕಟ್ಟಿಯ ಕರಡಿ ವಾದ್ಯದ ಮೇಳ. ಸೋಲಿಸಿದ್ದು ನಾನು. ಕೊಣ್ಣೂರಿನವರು ಗೆದ್ದರು ಅಂತ ಗಜೇಂದ್ರಗಡವೆಲ್ಲ ನಂಬಿತು, ನನ್ನ ಗಂಡ ನಂಬಿದರು. ಎಲ್ಲಕ್ಕಿಂತ ಕೆಟ್ಟದ್ದು — ಸೋತ ಮೇಳದ ಮುಂದಾಳು ನೀಲಪ್ಪನೂ ನಂಬಿದ. ಖರೇ ಸಂಗತಿ ಗೊತ್ತಿದ್ದವಳು ಒಳಗೆ ರಾಟಿಯ ಮುಂದೆ ಕೂತಿದ್ದ ನಾನೊಬ್ಬಳೇ.

ಅಬ್ಬಾ, ಬರೆದುಬಿಟ್ಟೆ! ಇಷ್ಟು ಬರೆಯಲು ಇಪ್ಪತ್ತು ವರುಷದ ಮೇಲಾಯಿತು ನೋಡಿ. ತಲೆಯ ಮೇಲಿನ ಹೊರೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡ ಹಾಗೆ ಆಗುತ್ತಿದೆ. ಹೊರೆ ಇಳಿದರೂ ಕುತ್ತಿಗೆ ನೋವು ಹೋಗಿಲ್ಲ, ಅದು ಬೇರೆ ಮಾತು.

ನಾನು ಗೌರವ್ವ. ನೇಕಾರರ ಓಣಿಯ ಮೂಲೆಮನೆಯ ಚನಬಸಪ್ಪನವರ ಹೆಂಡತಿ. ಸವಡಿಯ ಮಗಳು. ಅಲ್ಲಿಯ ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆ ಮುಗಿಸಿದವಳು. ಅಕ್ಷರ ದುಂಡಗಿಲ್ಲ, ಆದರೂ ಬರೆಯಲು ಬೇರೆಯವರನ್ನು ಕರೆಯಲಿಲ್ಲ. ಬೇರೆಯವರ ಕೈಯಿಂದ ಬರೆಸಿದರೆ ಅವರು ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಬಿಟ್ಟಾರು ಅನ್ನುವ ಅಂಜಿಕೆ.

ಕರಡಿ ಮಜಲು ಕೇಳದವರಿಗೆ ಮೊದಲು ಅದನ್ನು ಹೇಳಬೇಕು. ಕರಡಿ ಅಂದರೆ ಕೊರಳಿಗೆ ಹಾಕಿಕೊಂಡು ನಡೆಯುತ್ತ ಬಾರಿಸುವ ಚರ್ಮವಾದ್ಯ. ಗಂಡಸರು ಸಾಲುಸಾಲಾಗಿ ಹೆಜ್ಜೆ ಹಾಕುತ್ತಾರೆ, ಜೊತೆಗೆ ಸನಾದಿ ಊದುವವರು, ತಾಳದವರು. ನಿಧಾನವಾಗಿ ಶುರುವಾಗಿ ಒಂದು ಮಜಲಿನಿಂದ ಇನ್ನೊಂದು ಮಜಲಿಗೆ ಏರುತ್ತ ಹೋಗುತ್ತದೆ. ಎಷ್ಟು ಏರಿದರೂ ಎಲ್ಲರ ಕೈ ಒಂದೇ ಆಗಿರಬೇಕು, ಎಲ್ಲರ ಹೆಜ್ಜೆ ಒಂದೇ ಆಗಿರಬೇಕು. ಒಂದು ಊರಿನ ಮೇಳಕ್ಕೂ ಇನ್ನೊಂದು ಊರಿನ ಮೇಳಕ್ಕೂ ಜಿದ್ದು ಬಿತ್ತೆಂದರೆ ಮುಗಿಯಿತು, ಮಕ್ಕಳು-ಮರಿ ಊಟ ಬಿಟ್ಟು ಬಂದು ನಿಲ್ಲುವರು.

ಸವಡಿಯಲ್ಲಿ ನಾನು ಭಜನೆ ಕೇಳಿದ್ದೆ, ಕಣದಲ್ಲಿ ಹಂತಿಯ ಹಾಡು ಕೇಳಿದ್ದೆ. ಮೇಳ ಅಂದರೆ ಬರೀ ಗದ್ದಲ ಅಂದುಕೊಂಡಿದ್ದವಳು. ಮದುವೆಯಾಗಿ ಗಜೇಂದ್ರಗಡಕ್ಕೆ ಬಂದ ಮೊದಲ ಶ್ರಾವಣ — ಹೊಸ ಸೊಸೆ, ಹೊಸಿಲು ದಾಟುವ ಹಾಗಿಲ್ಲ — ಪಡಸಾಲೆಯಲ್ಲಿ ಕೂತು ರಾಟಿಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ದೇವರ ಪಲ್ಲಕ್ಕಿಯ ಮುಂದೆ ಕೊಣ್ಣೂರಿನ ಮೇಳ ಬಂತು. ಸದ್ದು ಮೊದಲು ಕೂತ ಮಣೆಗೆ ಗೊತ್ತಾಯಿತು, ಆಮೇಲೆ ಕಿವಿಗೆ. ರಾಟಿ ತಿರುಗಿಸುವ ನನ್ನ ಕೈ ನನ್ನನ್ನು ಕೇಳದೇ ಅವರ ಹೆಜ್ಜೆಗೆ ಕೂಡಿಕೊಂಡಿತು. ಅವರು ಓಣಿ ದಾಟಿ ಹೋದ ಮೇಲೂ ಕೈ ಅದೇ ಗತಿಯಲ್ಲಿ ತಿರುಗುತ್ತಲೇ ಇತ್ತು. ಅತ್ತೆ ಬಂದು ನೋಡಿ, “ಏನವಾ, ಮೈಯಾಗ ದೇವರು ಬಂತೇನ?” ಅಂದರು. ಬಂದಿತ್ತೋ ಏನೋ.

ಅಂದಿನಿಂದ ನನಗೆ ಅದೇ ಹುಚ್ಚು. ಸೀರೆ ಒಯ್ಯಲು ಬರುವ ವ್ಯಾಪಾರಿಗಳ ಹತ್ತಿರ, ನರಗುಂದದ ಕಡೆಯಿಂದ ಬಂದವರ ಹತ್ತಿರ ಕೇಳುವುದು — ಕೊಣ್ಣೂರಿನವರು ಈಗ ಎಲ್ಲಿ ಬಾರಿಸಿದರು, ರೋಣದಲ್ಲಿ ಯಾರಿಗೆ ಯಾರು ಎದುರಾದರು, ಎಷ್ಟನೇ ಮಜಲಿಗೆ ಏರಿದರು. ನರಗುಂದದಲ್ಲಿ ದೂರದ ನೆಂಟರ ಮದುವೆ, ಅದಕ್ಕೆ ಕೊಣ್ಣೂರಿನ ಮೇಳ ಕರೆಸಿದ್ದಾರೆಂದು ತಿಳಿದು ಹಟ ಹಿಡಿದು ಹೋಗಿದ್ದೆ. ಆ ಮದುವೆಯ ಹುಡುಗಿಯ ಮುಖ ಹೇಗಿತ್ತು ಅಂತ ಇವತ್ತಿಗೂ ಹೇಳಲಾರೆ. ಬಾವಿಯ ಕಟ್ಟೆಯಲ್ಲಿ ಯಾರಾದರೂ ಬೇರೆ ಮೇಳ ಚಲೋ ಅಂದರೆ ಕೊಡ ಇಳಿಸಿ ಜಗಳಕ್ಕೆ ನಿಲ್ಲುತ್ತಿದ್ದೆ. “ಕೊಣ್ಣೂರು ನಿನ್ನ ತವರೇನು?” ಅಂತ ಹೆಂಗಸರು ಚಾಷ್ಟಿ ಮಾಡುತ್ತಿದ್ದರು.

ಬಾರಿಸುವವನ ಮೇಲೆ ಇವಳ ಮನಸ್ಸಿತ್ತೇನೋ ಅಂತ ಯಾರಾದರೂ ಅಂದುಕೊಂಡೀರಿ. ಇಲ್ಲ. ಅವರ ಮುಂದಾಳು ಸಂತೆಯಲ್ಲಿ ಎದುರು ಬಂದರೆ ಗುರುತು ಹಿಡಿಯುತ್ತಿರಲಿಲ್ಲ. ಅವನ ಕೈಯ ಸದ್ದು ಮಾತ್ರ ಎಂಥ ಗದ್ದಲದಲ್ಲೂ ಗುರುತಿಸುತ್ತಿದ್ದೆ. ಆ ಸದ್ದೇ ನನ್ನದು ಅನ್ನಿಸಿಬಿಟ್ಟಿತ್ತು — ಒಲೆ, ನೀರು, ಕಂಡಿಕೆ ಬಿಟ್ಟರೆ ನನಗೆ ನನ್ನದು ಅಂತ ಇದ್ದದ್ದು ಅದೊಂದೇ.

ಈಗ ನಮ್ಮ ಮನೆಯ ಪದ್ಧತಿ ಹೇಳುತ್ತೇನೆ, ತಪ್ಪು ಅಲ್ಲೇ ಇದೆ.

ನಮ್ಮ ಮನೆ ಓಣಿ ತಿರುಗುವ ಜಾಗದಲ್ಲಿದೆ. ನೆಟ್ಟಗೆ ನಡೆಯುತ್ತ ಬಾರಿಸುವುದು ದೊಡ್ಡದಲ್ಲ, ಯಾರಾದರೂ ಬಾರಿಸಿಯಾರು. ತಿರುವು ಬಂದಾಗ ಮೇಳದ ಬಂಡವಾಳ ಗೊತ್ತಾಗುತ್ತದೆ. ಒಳಗಿನ ಸಾಲಿನವರು ನಿಂತಲ್ಲೇ ಹೆಜ್ಜೆ ಹಾಕಬೇಕು, ಹೊರಗಿನ ಸಾಲಿನವರು ದಾಪುಗಾಲು ಹಾಕಬೇಕು, ಆದರೆ ಬಡಿತ ಕೂದಲೆಳೆಯಷ್ಟೂ ಹಿಂದೆ ಬೀಳಬಾರದು. ಅದಕ್ಕೇ ಮಾವನವರ ಕಾಲದಿಂದ ತೀರ್ಪು ನಮ್ಮ ಮನೆಯದು. ಮೇಳಗಳು ದೂರದಲ್ಲಿ ಚೀಟಿ ಎತ್ತಿ, ಯಾರು ಮೊದಲು ಅಂತ ಗೊತ್ತು ಮಾಡಿಕೊಳ್ಳುವರು. ತೀರ್ಪು ಹೇಳುವವನು ನಮ್ಮ ಮಗ್ಗದ ಕೋಣೆಯಲ್ಲಿ ಕಿಟಕಿ ಮುಚ್ಚಿ, ಬಾಗಿಲಿಗೆ ಕಂಬಳಿ ಇಳಿಬಿಟ್ಟು ಕೂಡಬೇಕು. ಊರು ನೋಡಬಾರದು, ಜಾತಿ ನೋಡಬಾರದು, ನೆಂಟಸ್ತನ ನೋಡಬಾರದು — ಕಿವಿ ಒಂದೇ ಕೇಳಬೇಕು. ಎರಡೂ ಮೇಳ ತಿರುವು ದಾಟಿದ ಮೇಲೆ ಹೊರಗೆ ಬಂದು “ಮೊದಲಿಂದು” ಅಥವಾ “ಎರಡನೇದು” ಅನ್ನಬೇಕು. ಅಷ್ಟೇ. ಸೋತ ಮೇಳದ ಮುಂದಾಳು ತನ್ನ ರುಮಾಲು ಬಿಚ್ಚಿ ಗೆದ್ದವನ ಕರಡಿಗೆ ಕಟ್ಟಬೇಕು. ಆ ತೀರ್ಪಿನ ಮೇಲೆ ಮಾತಿಲ್ಲ.

ಮಾವನವರ ಕಿವಿ ಹಾಗಿತ್ತು. ನಮ್ಮ ಯಜಮಾನರದೂ ಹಾಗೇ ಇತ್ತು — ಮದುವೆಯಾದ ಎರಡನೇ ವರುಷದವರೆಗೆ. ಆ ವರುಷ ವಿಷಮಜ್ವರ ಬಂದು, ಗದಗಿನ ದವಾಖಾನಿಯಲ್ಲಿ ಬಿದ್ದು, ಜೀವ ಉಳಿಸಿಕೊಂಡು ಬಂದರು. ಕಿವಿ ಉಳಿಯಲಿಲ್ಲ. ಒಂದು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಒಲೆಯ ಬೂದಿಯೊಳಗಿನ ಕೆಂಡದಷ್ಟು. ನನ್ನನ್ನು ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ನಂಬುವುದಿಲ್ಲ ಅಲ್ಲವೇ? ನೇಕಾರರ ಓಣಿಗೆ ಬಂದು ನೋಡಿ. ಹಗಲೆಲ್ಲ ಮಗ್ಗದ ಸದ್ದು, ಎಲ್ಲರೂ ಒದರಿಯೇ ಮಾತಾಡುವುದು, ಎಲ್ಲರೂ “ಆಂ?” ಅನ್ನುವವರೇ. ಅವರು ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ತಿಳಿಯದಿದ್ದರೆ ಎಲೆ ಅಡಿಕೆ ಅಗಿಯುತ್ತ ತಲೆ ಅಲ್ಲಾಡಿಸುತ್ತಿದ್ದರು. ದೊಡ್ಡ ಮನುಷ್ಯ, ಮಾತು ಕಡಿಮೆ ಅಂತ ಜನ ಇನ್ನಷ್ಟು ಮರ್ಯಾದೆ ಕೊಟ್ಟರು!

ಆ ಶ್ರಾವಣ ಬಂದಾಗ ಅವರು ನನ್ನ ಮುಂದೆ ಅತ್ತರು. ಗಂಡಸು ಅತ್ತದ್ದನ್ನು ನಾನು ಮೊದಲು ನೋಡಿದ್ದೇ ಆಗ. “ಈ ಜಾಗಾ ನಮ್ಮಪ್ಪಂದು, ಗೌರಿ. ಕಿವುಡ ಕುಂತು ತೀರ್ಪ ಹೇಳ್ತಾನಂತ ಜನ ನಗಬಾರದು” ಅಂದರು. ನಾನೇ ಹೇಳಿದೆ — ನಾನು ಹೇಗೂ ಕೋಣೆಯಲ್ಲಿ ಕಂಡಿಕೆ ಸುತ್ತುತ್ತಿರುತ್ತೇನೆ, ನನ್ನನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನಾನು ಕೇಳುತ್ತೇನೆ. ನಿಮ್ಮ ಅಂಗೈಯ ಮೇಲೆ ಒಂದು ಸಲ ತಟ್ಟಿದರೆ ಮೊದಲಿನವರು, ಎರಡು ಸಲ ತಟ್ಟಿದರೆ ಎರಡನೆಯವರು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

ಕೆಲವು ಶ್ರಾವಣ ಹಾಗೆ ನಡೆಯಿತು. ಆಣೆ ಮಾಡಿ ಹೇಳುತ್ತೇನೆ, ಒಂದೂ ತಪ್ಪು ಹೇಳಲಿಲ್ಲ. ಕೊಣ್ಣೂರಿನವರು ಗೆದ್ದಾಗ ಗೆದ್ದರು ಅಂದೆ. ಒಂದು ಸಲ ಬೇರೆ ಮೇಳಕ್ಕೆ ಸೋತರು, ಆದರೂ ಅಂಗೈ ಮೇಲೆ ಸರಿಯಾಗಿಯೇ ತಟ್ಟಿದೆ. ಯಜಮಾನರ ಹೆಸರು ಸುತ್ತಿನ ಊರಲ್ಲೆಲ್ಲ ಬೆಳೆಯಿತು. “ಚನಬಸಪ್ಪನವರ ಕಿವಿ ಅಂದ್ರ ಕಿವಿ” ಅಂತ ಜನ ಅನ್ನುವಾಗ ನಾನು ಒಳಗೆ ರೊಟ್ಟಿ ಬಡಿಯುತ್ತ ನಗುತ್ತಿದ್ದೆ. ನನಗೆ ಸೊಕ್ಕು ಬಂದಿತ್ತು. ಯಾರಿಗೂ ತಿಳಿಯದ ಸೊಕ್ಕು, ಅದಕ್ಕೆ ಇಳಿಸುವವರೂ ಇರಲಿಲ್ಲ.

ಆಮೇಲೆ ಬಂತು ಆ ವರುಷ. ನಾವು ಮುಂಬಯಿ ಸರಕಾರ ಬಿಟ್ಟು ಕನ್ನಡದವರೆಲ್ಲ ಒಂದಾದ ಮೇಲಿನ ಮೊದಲ ಶ್ರಾವಣ. ಊರಲ್ಲಿ ಎಲ್ಲಿಲ್ಲದ ಹುರುಪು. ಆ ಸಲ ಕೊಣ್ಣೂರಿಗೆ ಎದುರಾದದ್ದು ಲಕ್ಕಲಕಟ್ಟಿ. ಹೊಲದಲ್ಲಿ ಕೂಲಿ ಮಾಡುವ ಹುಡುಗರು ಕೂಡಿ ಕಟ್ಟಿದ ಮೇಳ. ಅವರ ಮುಂದಾಳು ನೀಲಪ್ಪ, ಮೀಸೆ ಈಗಷ್ಟೇ ದಟ್ಟವಾದ ವಯಸ್ಸು. ಕಳೆ ಕೀಳುವ ಹೊಲದ ಬದುವಿನ ಮೇಲೆ ಅವರು ತಿರುವು ತಿರುಗುವುದನ್ನು ಕಲಿಯುತ್ತಾರಂತೆ ಅಂತ ಬಾವಿಯ ಕಟ್ಟೆಯಲ್ಲಿ ಮಾತು. ನಾನು ನಕ್ಕಿದ್ದೆ.

ಕೊಣ್ಣೂರಿನವರು ಹೊಳೆಯ ಆಚೆ ದಂಡೆಯಲ್ಲಿ ಎಲ್ಲೋ ಬಾರಿಸಲು ಹೋಗಿದ್ದರು. ಮಲಪ್ರಭೆ ತುಂಬಿ ಬಂದು ಅಲ್ಲೇ ಸಿಕ್ಕಿಬಿದ್ದರು. ಹೇಗೋ ದಾಟಿ, ಚಕ್ಕಡಿ ಕಟ್ಟಿಕೊಂಡು, ದಾರಿಯುದ್ದ ಮಳೆ ಹೊಡೆಸಿಕೊಂಡು ಆ ಬೆಳಿಗ್ಗೆ ಬಂದು ಮುಟ್ಟಿದರು. ನಾನು ಬಾಗಿಲ ಸಂದಿಯಿಂದ ನೋಡಿದೆ. ತಮ್ಮ ಕಂಬಳಿಗಳನ್ನು ಕರಡಿಗಳಿಗೆ ಹೊದಿಸಿ ತಾವು ತೊಯ್ದು ತೊಪ್ಪೆಯಾಗಿದ್ದರು. ಆದರೂ ಹಸಿ ಹೊಕ್ಕ ಚರ್ಮ ಸಡಿಲಾಗಿತ್ತು. ದಿನವೆಲ್ಲ ಬೆಂಕಿಗೆ ಹಿಡಿದು ಕಾಯಿಸಿದರು.

ಅಲ್ಲಿಯೇ ಬೆಂಕಿಯ ಹತ್ತಿರ ಯಾರೋ ನೀಲಪ್ಪನನ್ನು ಕೆಣಕಿದರಂತೆ. ಅವನು ಎಲ್ಲರ ಎದುರು ಅಂದುಬಿಟ್ಟ — “ಇವತ್ತ ಸೋತ್ರ ನಾ ಮತ್ತ ಕರಡಿ ಕೊರಳಿಗೆ ಹಾಕಂಗಿಲ್ಲ.” ಆ ಮಾತು ಓಣಿಯೆಲ್ಲ ಸುತ್ತಿ ನನಗೂ ಬಂದು ಮುಟ್ಟಿತು. ಹಾಗಾಗಿ ನನಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗಿಲ್ಲ. ಗೊತ್ತಿತ್ತು. ಗಂಡಸರ ಮಾತು, ನಾಳೆಗೆ ಮರೆಯುತ್ತಾನೆ ಅಂದುಕೊಂಡೆ.

ಇಳಿಹೊತ್ತಿಗೆ ಪಲ್ಲಕ್ಕಿ ಬಂತು. ಕಿಟಕಿ ಮುಚ್ಚಿ, ಕಂಬಳಿ ಬಿಟ್ಟು, ಯಜಮಾನರು ಮಗ್ಗದ ದಂಡೆಗೆ ಕೂತರು. ನಾನು ರಾಟಿಯ ಮುಂದೆ.

ಮೊದಲ ಮೇಳ ಶುರುವಾದ ಕೂಡಲೇ ತಿಳಿಯಿತು — ನನ್ನವರು, ಕೊಣ್ಣೂರಿನವರು. ಚೀಟಿ ಎತ್ತಿದರೇನು, ಕಂಬಳಿ ಬಿಟ್ಟರೇನು, ಆ ಕೈ ನನಗೆ ತಿಳಿಯದೇ ಹೋದೀತೇ? ಕಿವಿ ಒಂದೇ ಕೇಳಬೇಕು ಅಂತ ಹಿರಿಯರು ಪದ್ಧತಿ ಮಾಡಿದರು. ಕಿವಿಗೂ ಮೋಹ ಇರುತ್ತದೆ ಅಂತ ಅವರಿಗೆ ಹೊಳೆಯಲಿಲ್ಲ. ಸದ್ದು ಮಂಕಾಗಿತ್ತು, ಆದರೂ ಏರಿದರು. ತಿರುವಿಗೆ ಬಂದರು. ಅಲ್ಲಿ — ಹೊರಗಿನ ಸಾಲು ಎಳೆಯಿತು. ತಾಳ ಮುಂದೆ ಹೋಯಿತು, ಕರಡಿ ಹಿಂದೆ ಬಿತ್ತು. ಒಂದು ಉಸಿರಿನಷ್ಟು ಹೊತ್ತು ಬಡಿತ ಎರಡಾಗಿ ಹರಿದು, ಮತ್ತೆ ಕೂಡಿಕೊಂಡಿತು. ಹೊರಗೆ ಜನ ಸಿಳ್ಳೆ ಹೊಡೆಯುತ್ತ ಒದರುತ್ತಿದ್ದರು, ಅವರಿಗೆ ಎಷ್ಟು ಕೇಳಿಸಿತೋ. ನನ್ನ ಕೈಯಲ್ಲಿ ನೂಲು ಹರಿಯಿತು.

ಆಮೇಲೆ ಲಕ್ಕಲಕಟ್ಟಿ. ಏನು ಹೇಳಲಿ. ಅವರು ತಿರುವು ತಿರುಗಿದ್ದೇ ತಿಳಿಯಲಿಲ್ಲ. ಓಣಿಯೇ ನೆಟ್ಟಗಿದೆಯೇನೋ ಅನ್ನುವ ಹಾಗೆ ತಿರುಗಿದರು. ನಾನು ಕೇಳಿದ ಮೇಳಗಳಲ್ಲಿ ಅಂಥ ತಿರುವು ಮೊದಲೂ ಕೇಳಿಲ್ಲ, ಆಮೇಲೂ ಇಲ್ಲ. ನನಗೆ ಸಿಟ್ಟು ಬಂತು. ಹೌದು, ಸಿಟ್ಟು! ನನ್ನವರಿಗಿಂತ ಚಲೋ ಬಾರಿಸಲು ಇವರು ಯಾರು?

ಯಜಮಾನರು ಅಂಗೈ ಚಾಚಿದರು. ನಾನು ಒಂದು ಸಲ ತಟ್ಟಿದೆ.

ಅವರು ನನ್ನ ಮುಖ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಅಂಗೈ ಹಿಡಿದೇ ಇದ್ದರು, ಇನ್ನೊಂದು ತಟ್ಟುತ್ತಾಳೇನೋ ಅಂತ. ನಾನು ಹರಿದ ನೂಲು ಗಂಟು ಹಾಕಲು ತಿರುಗಿಕೊಂಡೆ. ಅವರು ಎದ್ದು, ಕಂಬಳಿ ಸರಿಸಿ ಹೊರಗೆ ಹೋದರು.

“ಮೊದಲಿಂದು.”

ಗೆದ್ದ ಕೊಣ್ಣೂರಿನವರು ಕುಣಿಯಲಿಲ್ಲ, ಅದನ್ನು ನಾನು ಕಂಬಳಿಯ ಅಂಚಿನಿಂದ ನೋಡಿದೆ. ಅವರ ಮುಂದಾಳು ನೆಲ ನೋಡುತ್ತಿದ್ದ. ಲಕ್ಕಲಕಟ್ಟಿಯ ಹುಡುಗನೊಬ್ಬ, “ಏನ್ರಿ ಇದು, ಅವರು ತಪ್ಪಿದ್ದು…” ಅಂತ ಬಾಯಿ ತೆರೆದ. ನೀಲಪ್ಪನೇ ಅವನನ್ನು ಗದರಿಸಿದ. “ಬಾಯಿ ಮುಚ್ಚು. ಚನಬಸಪ್ಪನವರು ಅಂದ್ರಂದ್ರ ನಾವ ತಪ್ಪಿರಬೇಕು.” ರುಮಾಲು ಬಿಚ್ಚಿ ಕೊಣ್ಣೂರಿನವನ ಕರಡಿಗೆ ಕಟ್ಟಿದ. ತನ್ನ ಕರಡಿಯನ್ನು ಕೊರಳಿನಿಂದ ತೆಗೆದು ಜೊತೆಗಾರನ ಕೈಗೆ ಕೊಟ್ಟು, ಬರಿಗೈಯಲ್ಲಿ ನಡೆದು ಹೋದ.

ಸಂಜೆ ಊಟಕ್ಕೆ ಕೂತಾಗ ಯಜಮಾನರು ಕೇಳಿದರು. “ಜನದ ಮಾರಿ ನೋಡಿದೆ. ಯಾಕೋ ಸರಿ ಕಾಣಲಿಲ್ಲ. ಖರೇ ಹೇಳು, ಮೊದಲಿನವರ ಚಲೋ ಇದ್ರೇನು?”

“ಹೌದ್ರಿ” ಅಂದೆ. ತುಟಿ ಸರಿಯಾಗಿ ತಿಳಿಯುವ ಹಾಗೆ, ನಿಧಾನವಾಗಿ. ಅವರು ರೊಟ್ಟಿ ಮುರಿದರು.

ನೀಲಪ್ಪ ಮಾತು ಉಳಿಸಿಕೊಂಡ. ಮರುವರುಷ ಬರಲಿಲ್ಲ, ಅದರ ಮುಂದಿನ ವರುಷವೂ ಇಲ್ಲ. ಮುಂದಾಳಿಲ್ಲದ ಮೇಳ ಒಡೆಯಿತು. ಇಷ್ಟಾದ ಮೇಲೆ ನನಗಾದರೂ ನನ್ನ ಕೊಣ್ಣೂರು ಉಳಿಯಿತೇ ಅಂದರೆ ಅದೂ ಇಲ್ಲ. ಅವರು ಬಾರಿಸುತ್ತ ಬಂದರೆ ನಾನು ಆ ಹರಿದ ಬಡಿತಕ್ಕಾಗಿಯೇ ಕಾಯುತ್ತಿದ್ದೆ. ಎರಡು ವರುಷ ಕಳೆದ ಮೇಲೆ ಯಜಮಾನರನ್ನು ಕಾಡಿ ಬೇಡಿ ತೀರ್ಪು ಬಿಡಿಸಿದೆ. ಶ್ರಾವಣ ಬಂದರೆ ಹಿತ್ತಲ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದೆ. ತಲೆನೋವು ಅಂತ ಹೇಳುತ್ತಿದ್ದೆ.

ಯಾಕೆ ಹೇಳಲಿಲ್ಲ ಅಂದರೆ — ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. ಅಂಗೈ, ತಟ್ಟುವುದು, ಅವರ ಕಿವಿ. ಗಂಡನ ಮಾನ ಕಾಯಲು ಸುಮ್ಮನಿದ್ದೆ ಅಂತ ನನಗೆ ನಾನೇ ಹೇಳಿಕೊಂಡೆ, ಅದು ಅರ್ಧ ಖರೇ. ಇನ್ನರ್ಧ ಏನೆಂದರೆ, ನನಗೆ ಅಂಜಿಕೆ. ಅವರು ತೀರಿಕೊಂಡ ಮೇಲೂ ಹೇಳಲಿಲ್ಲವಲ್ಲ, ಆಗ ಯಾರ ಮಾನ ಕಾಯುತ್ತಿದ್ದೆ?

ಈ ವರುಷ ಬೇಸಿಗೆಯಲ್ಲಿ ಕಂಡಿಕೆ ಸುತ್ತಲು ಲಕ್ಕಲಕಟ್ಟಿಯಿಂದ ಒಬ್ಬಳು ಬರತೊಡಗಿದಳು, ಶಾಂತವ್ವ ಅಂತ, ಚುರುಕಿನ ಹೆಣ್ಣು. ಒಂದು ದಿನ ಖಾಲಿ ಡಬ್ಬಿಯ ಮೇಲೆ ಬೆರಳಿಂದ ಬಡಿಯುತ್ತ ಕೂತಿದ್ದಳು. ನಾನು ಬಂದದ್ದೇ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಯಾಕವ್ವ ಅಂದೆ. “ನಮ್ಮಪ್ಪ ನೋಡಿದ್ರ ಬೈತಾನ್ರಿ. ಮನ್ಯಾಗ ಕೊಡಾ ಸೈತ ಬಡಿಯಾಕ ಬಿಡೂದಿಲ್ಲ. ನಮ್ಮ ಮನಿತನದ ಕೈಯಾಗ ತಾಳ ಇಲ್ಲ ಅಂತಾನ. ನಮ್ಮಣ್ಣ ಮ್ಯಾಳಕ್ಕ ಹೊಕ್ಕೀನಿ ಅಂದಿದ್ದಕ್ಕ ಬಾರಕೋಲಲೇ ಹೊಡದಾನ್ರಿ.”

ನಿಮ್ಮಪ್ಪ ಯಾರು ಅಂತ ಕೇಳಿದೆ. ಕೇಳುವ ಮೊದಲೇ ಗೊತ್ತಿತ್ತು.

ಒಬ್ಬ ಮನುಷ್ಯ ಸೋತ, ಸಿಟ್ಟಿನಿಂದ ಬಿಟ್ಟ, ಮರೆತ — ಅಂತಲೇ ನಾನು ಇಷ್ಟು ವರುಷ ಅಂದುಕೊಂಡಿದ್ದೆ. ಅವನು ತನ್ನ ಕೈಯನ್ನೇ ನಂಬದೇ ಬದುಕಿದ, ಆ ಅಪನಂಬಿಕೆಯನ್ನು ಮಕ್ಕಳಿಗೂ ಹಂಚಿದ ಅಂತ ನನಗೆ ಗೊತ್ತಿರಲಿಲ್ಲ. ಮರುದಿನ ಶಾಂತವ್ವನ ಜೊತೆಗೇ ಲಕ್ಕಲಕಟ್ಟಿಗೆ ನಡೆದೆ.

ನೀಲಪ್ಪ ಕಟ್ಟೆಯ ಮೇಲೆ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ತಲೆ ಬೆಳ್ಳಗಾಗಿತ್ತು. “ಬರ್ರಿ ಅಕ್ಕಾರ, ಮಗಳು ಏನರ ತಪ್ಪ ಮಾಡ್ಯಾಳೇನ್ರಿ?” ಅಂದ. ನಾನು ಕೂಡಲಿಲ್ಲ, ನೀರು ಮುಟ್ಟಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ನಮ್ಮ ಯಜಮಾನರ ಕಿವಿ, ಅಂಗೈ, ಕೊಣ್ಣೂರಿನ ಮೇಲಿನ ನನ್ನ ಹುಚ್ಚು, ಹರಿದ ಬಡಿತ, ಒಂದು ಸಲ ತಟ್ಟಿದ್ದು.

ಅವನ ಕೈ ಹಗ್ಗದ ಮೇಲೆ ನಿಂತಿತು. ಬಯ್ಯುತ್ತಾನೆ ಅಂತ ಕಾದೆ. ಅವನು ಕೇಳಿದ್ದೇ ಬೇರೆ.

“ಹಂಗಾರ ತಿರುವಿನ್ಯಾಗ ನನ್ನ ಎಡಗೈ ಹಿಂದ ಬಿದ್ದಿದ್ದಿಲ್ಲ?”

“ಇಲ್ಲ ನೀಲಪ್ಪಣ್ಣ.”

“ಹೊರಗಿನ ಸಾಲು ಎಳದಿದ್ದಿಲ್ಲ?”

“ನಿಮ್ಮದು ಎಳೆದಿದ್ದಿಲ್ಲ. ಅವರದು ಎಳೀತು.”

ಅವನು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದ. “ಏ, ಬಾ ಇಲ್ಲಿ. ಇವರು ಏನಂತಾರ ಕೇಳು. ಇನ್ನೊಮ್ಮೆ ಹೇಳ್ರಿ ಅಕ್ಕಾರ.” ಇನ್ನೊಮ್ಮೆ ಹೇಳಿದೆ. “ಕೇಳಿದ್ಯಾ? ನಾ ತಪ್ಪಿದ್ದಿಲ್ಲಂತ” ಅಂದ. ಆಮೇಲೆ ಬಂತು ಸಿಟ್ಟು, ಬರಬೇಕಾದ್ದೇ. “ಇಷ್ಟ ವರ್ಷ ಎಲ್ಲಿ ಹೋಗಿದ್ರಿ? ಆ ತಿರುವು ನಾ ದಿನಾ ಮನಸಿನ್ಯಾಗ ನಡದೇನ್ರಿ. ದಿನಾ ತಪ್ಪು ಹುಡುಕೇನಿ. ಸಿಗಲಿಲ್ಲ. ಹುಚ್ಚ ಹಿಡಿಯೂದೊಂದ ಬಾಕಿ ಇತ್ತು.”

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಬಗ್ಗಿದೆ. ಅವನು ಕೈ ಅಡ್ಡ ಹಿಡಿದ. “ಅದೆಲ್ಲಾ ನನಗ ತಿಳಿಯಂಗಿಲ್ರಿ. ನನಗೊಬ್ಬಂಗ ಹೇಳಿದ್ರ ಹ್ಯಾಂಗ? ನಾ ಊರ ಮುಂದ ಸೋತೇನಿ. ಊರ ಮುಂದ ಹೇಳ್ರಿ.”

“ನಮ್ಮ ಯಜಮಾನರ ಹೆಸರು…” ಅಂದೆ.

“ನನ್ನ ಹೆಸರ?” ಅಂದ.

ಇದಕ್ಕೆ ಉತ್ತರ ದಾರಿಯುದ್ದ ಹುಡುಕಿದೆ, ಮನೆಗೆ ಬಂದು ಮೂರು ದಿನ ಹುಡುಕಿದೆ. ಸತ್ತವರ ಮಾನ ದೊಡ್ಡದೋ, ಬದುಕಿದವನ ಕೈ ದೊಡ್ಡದೋ — ಹೀಗೆ ತೂಗುತ್ತ ಕೂತರೆ ಇನ್ನೂ ಇಪ್ಪತ್ತು ವರುಷ ತೂಗಬಹುದು, ನನ್ನಂಥವಳಿಗೆ ಅದು ರೂಢಿಯಾಗಿದೆ. ಕಡೆಗೆ ತೂಗುವುದನ್ನೇ ಬಿಟ್ಟೆ.

ಈ ಶ್ರಾವಣದ ಮೊದಲ ಸೋಮವಾರ ಪಲ್ಲಕ್ಕಿ ನಮ್ಮ ಮೂಲೆಯಲ್ಲಿ ನಿಂತಾಗ ನಾನು ಮನೆಯ ಕಟ್ಟೆ ಏರಿದೆ. ತಲೆಯ ಮೇಲೆ ಸೆರಗು ಹೊದ್ದು, ಗಟ್ಟಿಯಾಗಿ — ನೇಕಾರರ ಮನೆಯ ಹೆಂಗಸಿಗೆ ಒದರುವುದನ್ನು ಕಲಿಸಬೇಕೇ — ಎಲ್ಲ ಹೇಳಿದೆ. ಮೊದಲು ಜನ ನಕ್ಕರು. “ಮುದುಕಿಗೆ ಅರಳು ಮರಳು” ಅಂದರು. ಆಮೇಲೆ ಮೈದುನ ಈರಪ್ಪ ನುಗ್ಗಿ ಬಂದ. “ಅಣ್ಣನ ಹೆಸರಿಗೆ ಮಣ್ಣ ಹಾಕಿದೆಲ್ಲ ಅತ್ತಿಗಿ! ಮನಿ ಮಾನಾ ತಗದಿ!” ಅಂತ ಒದರಿದ. ಅವನ ಗದ್ದಲದಲ್ಲಿ ನನ್ನ ಮಾತು ಅರ್ಧ ಜನಕ್ಕೆ ಕೇಳಿಸಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂದು ಕೇಳಿಸಿಕೊಳ್ಳದವರು, ಹೊಟ್ಟೆಪಾಡಿಗೆ ಸೊಲ್ಲಾಪುರಕ್ಕೋ ಇಚಲಕರಂಜಿಗೋ ಹೋದವರು, ಎಲ್ಲರೂ ಓದಿಕೊಳ್ಳಲಿ. ಲಕ್ಕಲಕಟ್ಟಿಯವರು ತಪ್ಪಿರಲಿಲ್ಲ. ನೀಲಪ್ಪನ ಕೈ ತಪ್ಪಿರಲಿಲ್ಲ.

ನೀಲಪ್ಪ ಬಂದಿದ್ದ. ಹೆಂಡತಿ, ಮಗ, ಶಾಂತವ್ವ ಎಲ್ಲರೂ ಬಂದಿದ್ದರು. ನಾನು ಮುಗಿಸಿದ ಮೇಲೆ ಅವನು ಸುತ್ತಲಿನವರನ್ನು ನೋಡಿ, “ಕೇಳಿದ್ರೆಲ್ಲ?” ಅಂತ ಒಂದೇ ಮಾತು ಕೇಳಿದ. ನನ್ನನ್ನು ಕಣ್ಣೆತ್ತಿ ಸೈತ ನೋಡಲಿಲ್ಲ. ನೋಡಲಿ ಅಂತ ನಾನು ಕೇಳುವ ಹಾಗೂ ಇಲ್ಲ. ಮಗನ ಹೆಗಲ ಮೇಲೆ ಕೈ ಇಟ್ಟುಕೊಂಡು ಹೋದ. ಆ ಹುಡುಗ ಈಗ ಮೇಳ ಕಲಿಯಲು ಹೋಗುತ್ತಾನೆ ಅಂತ ಶಾಂತವ್ವ ಹೇಳಿದಳು. ಅಪ್ಪ ಬೇಡ ಅನ್ನಲಿಲ್ಲವಂತೆ.

ಈರಪ್ಪ ಈಗಲೂ ನಮ್ಮ ಬಾಗಿಲಿಗೆ ಬರುವುದಿಲ್ಲ. ಓಣಿಯಲ್ಲಿ ಕೆಲವರು ಯಜಮಾನರನ್ನು ಕಳ್ಳಪಂಚ ಅನ್ನುತ್ತಾರೆ. ಕಿವಿಗೆ ಬಿದ್ದಾಗ ಎದೆ ಉರಿಯುತ್ತದೆ. ಆದರೆ ಅಂದು ನಾನು ಎರಡು ರೊಟ್ಟಿ ಹೊಟ್ಟೆ ತುಂಬ ಉಂಡೆ, ನಿದ್ದೆಯೂ ಬಂತು. ಮುಂದಿನ ಸೋಮವಾರ ಮೇಳ ಬಂದಾಗ ಹಿತ್ತಲ ಕೋಣೆಗೆ ಹೋಗಲಿಲ್ಲ, ಬಾಗಿಲಲ್ಲೇ ನಿಂತು ಕೇಳಿದೆ. ಎಷ್ಟು ಹಗುರ ಅನ್ನಿಸಿತು ಅಂದರೆ, ನನಗೇ ನಾಚಿಕೆಯಾಯಿತು.

ಯಜಮಾನರೇ, ನಿಮಗೆ ಒಂದು ಮಾತು ಉಳಿದಿದೆ, ಕೇಳಿಸಿಕೊಳ್ಳಿರಿ. ಅಲ್ಲಿ ನಿಮ್ಮ ಕಿವಿ ತಿರುಗಿ ಬಂದಿರಬೇಕು. ಬದುಕಿದ್ದಾಗ ನಿಮಗೆ ಸುಳ್ಳು ಹೇಳಿದೆ, ಸತ್ತ ಮೇಲೆ ನೀವು ಮುಚ್ಚಿಟ್ಟದ್ದನ್ನು ಊರಿಗೆಲ್ಲ ಹೇಳಿದೆ. ಮೊದಲನೆಯದು ಮೋಹದಲ್ಲಿ ಮಾಡಿದ್ದು. ಎರಡನೆಯದು ಗೊತ್ತಿದ್ದೇ ಮಾಡಿದ್ದು, ನಿಮ್ಮನ್ನು ಒಂದು ಮಾತು ಕೇಳದೇ. ನಾನು ಅಲ್ಲಿಗೆ ಬಂದಾಗ ನೀವು ನನ್ನನ್ನು ಮಾತಾಡಿಸದಿದ್ದರೂ ಸರಿ. ಆದರೆ ನಾಳೆ ಮತ್ತೆ ಆ ಕಟ್ಟೆ ಏರು ಅಂದರೆ, ಮತ್ತೆ ಏರುತ್ತೇನೆ.